ಹೊಸ .308, ತಾಮ್ರದ ಗುಂಡು: ಆರು ಲೋಡ್‌ಗಳಲ್ಲಿ ಯಾವುದನ್ನು ಇಟ್ಟುಕೊಳ್ಳೋದು?

ಫ್ರೀಮಾಂಟ್‌ಗೌಡ:

ಎಲ್ಲರಿಗೂ ನಮಸ್ಕಾರ. ತೋಟೆಗಳನ್ನು ಮನೆಯಲ್ಲೇ ತುಂಬುತ್ತೇನೆ. ರೈಫಲ್ ಹೊಸದು: .308 ವಿಂಚೆಸ್ಟರ್, ಬೋಲ್ಟ್ ಆಕ್ಷನ್, 22 ಇಂಚಿನ ತೆಳು ಬ್ಯಾರೆಲ್, 1:10 ಟ್ವಿಸ್ಟ್ (ಒಳಗಿನ ಸುತ್ತುಗೆರೆ 10 ಇಂಚಿಗೆ ಒಂದು ಸುತ್ತು). ಆಗಸ್ಟಿನಲ್ಲಿ ಇಲ್ಲಿನ ಎ ಝೋನ್ ಬೇಟೆ ವಲಯದಲ್ಲಿ ಜಿಂಕೆ, ಆಮೇಲೆ ಕಾಡುಹಂದಿ. ಕ್ಯಾಲಿಫೋರ್ನಿಯಾದಲ್ಲಿ ಬೇಟೆಗೆ ಸೀಸದ ಗುಂಡು ನಡೆಯಲ್ಲವಾದ್ದರಿಂದ ಬಾರ್ನ್ಸ್ ಕಂಪನಿಯ 150 ಗ್ರೇನ್ (ಗುಂಡು, ಮದ್ದಿನ ತೂಕದ ಅಳತೆ) ಟಿಟಿಎಸ್‌ಎಕ್ಸ್ ಅನ್ನೋ ತಾಮ್ರದ ಗುಂಡು ತಗೊಂಡೆ. ಮದ್ದು ವಾರ್ಗೆಟ್, ಮದ್ದಿಗೆ ಕಿಡಿ ಕೊಡುವ ಪ್ರೈಮರ್ ಸಿಸಿಐ 200, ಹಿತ್ತಾಳೆ ಕೇಸ್ ಎಲ್ಲಾ ಒಂದೇ ಲಾಟಿನವು. ಸಿಂಗಲ್ ಸ್ಟೇಜ್ ಪ್ರೆಸ್, ಹೊಡೆದ ಕೇಸನ್ನು ಮತ್ತೆ ಅಳತೆಗೆ ತರುವ ಫುಲ್ ಲೆಂತ್ ಡೈ, ಡಿಜಿಟಲ್ ತಕ್ಕಡಿ, ಕ್ಯಾಲಿಪರ್ ಇವೆ.

ಬಾರ್ನ್ಸ್ ಮ್ಯಾನ್ಯುಯಲ್‌ನ ಶುರುವಿನ ತೂಕದಿಂದ 0.4 ಗ್ರೇನ್ ಏರಿಸುತ್ತಾ ಆರು ಲೋಡ್ (ಮದ್ದಿನ ತೂಕ) ಮಾಡಿ, ಒಂದೊಂದರಲ್ಲಿ ಮೂರು ಈಡು ಹೊಡೆದೆ. 100 ಗಜದಲ್ಲಿ ಗ್ರೂಪ್ (ತೂತುಗಳ ಹರಡು) ಕ್ರಮವಾಗಿ 1.4, 0.7, 1.6, 0.9, 1.1, 1.5 ಇಂಚು. ತೋಟೆಯ ಪೂರ್ತಿ ಉದ್ದ ಎಲ್ಲದಕ್ಕೂ 2.810 ಇಂಚು.

ಎರಡನೆಯದೇ ಸರಿಯಾದ ನೋಡ್, ಅಂದರೆ ಈ ರೈಫಲ್‌ಗೆ ಒಗ್ಗುವ ಮದ್ದಿನ ತೂಕ, ಅಂತ ಹಿಡಿಯಲಾ? ಗುಂಡನ್ನು ರೈಫ್ಲಿಂಗ್‌ಗೆ (ಬ್ಯಾರೆಲಿನ ಸುತ್ತುಗೆರೆಗೆ) ಇನ್ನೂ ಹತ್ತಿರ ಕೂರಿಸಿದರೆ ಗ್ರೂಪ್ ಚಿಕ್ಕದಾಗುತ್ತಾ? ಇನ್ನೊಂದು ತಲೆನೋವು: ಒಮ್ಮೆ ಹೊಡೆದ ಕೇಸನ್ನು ಡೈಗೆ ಹಾಕಿ ಮತ್ತೆ ತುಂಬಿದರೆ ಬೋಲ್ಟ್ ಮುಚ್ಚೋದು ಬಿಗಿ. ಹೊಸ ಕೇಸಿನಲ್ಲಿ ಹಾಗೆ ಇರಲಿಲ್ಲ.

ಕೋವಿಮನೆ:

ಬೋಲ್ಟ್ ಬಿಗಿಯಿಂದ ಶುರು ಮಾಡೋಣ ಗೌಡ್ರೇ, ಅದು ಸರಿಯಾಗದೆ ಬೇರೆ ಅಳತೆಗೆ ಅರ್ಥವಿಲ್ಲ.

ಡೈಗೆ ಹಾಕಿದ ಖಾಲಿ ಕೇಸ್ ಒಂದನ್ನು, ಪ್ರೈಮರ್ ಇಲ್ಲ, ಮದ್ದು ಇಲ್ಲ, ಚೇಂಬರಿಗೆ ಹಾಕಿ ಬೋಲ್ಟ್ ಮುಚ್ಚಿ. ಫೈರಿಂಗ್ ಪಿನ್ ಜೋಡಣೆಯನ್ನು ಬೋಲ್ಟಿನಿಂದ ಬಿಚ್ಚಿಟ್ಟಿದ್ದರೆ ಬಿಗಿ ಕೈಗೆ ಸ್ಪಷ್ಟವಾಗಿ ಸಿಗುತ್ತೆ. ಖಾಲಿ ಕೇಸೇ ಬಿಗಿ ಅಂದರೆ ತೊಂದರೆ ಕೇಸಿನದು. ಖಾಲಿ ಸಲೀಸಾಗಿ ಹೋಗಿ ತುಂಬಿದ್ದು ಮಾತ್ರ ಬಿಗಿಯಾದರೆ ಗುಂಡು ರೈಫ್ಲಿಂಗ್‌ಗೆ ತಾಗುತ್ತಿದೆ, ಇಲ್ಲವೇ ಗುಂಡು ಕೂರಿಸುವ ಸೀಟಿಂಗ್ ಡೈ ತುಂಬಾ ಕೆಳಗಿದ್ದು ಕ್ರಿಂಪ್ ಮಾಡುವ (ಬಾಯನ್ನು ಗುಂಡಿಗೆ ಬಿಗಿಸುವ) ಅಂಚು ಕೇಸಿನ ಬಾಯನ್ನು ಒತ್ತಿ ಭುಜವನ್ನು, ಅಂದರೆ ಕುತ್ತಿಗೆ ಕೆಳಗಿನ ಇಳಿಜಾರನ್ನು, ಉಬ್ಬಿಸುತ್ತಿದೆ.

ನೀವು ಹೇಳಿದ ಲಕ್ಷಣಕ್ಕೆ ಮೊದಲನೆಯದೇ ಹೊಂದುತ್ತೆ. ಡೈ ಕೇಸಿನ ಮೈಯನ್ನು ಹಿಂಡಿದಾಗ ಹಿತ್ತಾಳೆ ಎಲ್ಲಿಗಾದರೂ ಹೋಗಬೇಕಲ್ಲ, ಮುಂದಕ್ಕೆ ಹೋಗುತ್ತೆ. ಡೈ ಪೂರ್ತಿ ಇಳಿಯದಿದ್ದರೆ ಭುಜ ಹೊಡೆದಾಗ ಇದ್ದದ್ದಕ್ಕಿಂತ ಇನ್ನೂ ಮುಂದೆ ಬಂದು ಚೇಂಬರಿಗೆ ತಾಗುತ್ತೆ. ಹೆಡ್‌ಸ್ಪೇಸ್ ಕಂಪ್ಯಾರೇಟರ್ ತಗೊಳ್ಳಿ, ಕ್ಯಾಲಿಪರಿಗೆ ಸಿಕ್ಕಿಸಿ ಕೇಸಿನ ತಳದಿಂದ ಭುಜದವರೆಗೆ ಅಳೆಯುವಂಥದ್ದು. ಹಳೇ ಪ್ರೈಮರ್ ತೆಗೆದು, ಹೊಡೆದ ಕೇಸ್ ಐದಾರನ್ನು ಅಳೆಯಿರಿ. ಡೈಗೆ ಹಾಕಿದ ಮೇಲೆ ಅದೇ ಅಳತೆ 0.002 ಇಂಚು ಕಡಿಮೆ ಬರಬೇಕು. ಡೈ ತಿರುಪಿನಲ್ಲಿ ಇಂಚಿಗೆ 14 ಎಳೆ, ಅಂದರೆ ಒಂದು ಸುತ್ತಿಗೆ ಸುಮಾರು 0.071 ಇಂಚು. 0.002 ಇಂಚು ಅಂದರೆ ಬರೀ ಹತ್ತು ಡಿಗ್ರಿ. ಕಾಲು ಸುತ್ತು ತಿರುಗಿಸೋ ಕೆಲಸ ಅಲ್ಲವೇ ಅಲ್ಲ.

ಬಿಗಿ ಹೋಯಿತು ಅಂತ ಡೈಯನ್ನು ಶೆಲ್ ಹೋಲ್ಡರಿಗೆ ಗುದ್ದುವ ತನಕ ಇಳಿಸಬೇಡಿ. ಭುಜ ಹೆಚ್ಚು ಹಿಂದಕ್ಕೆ ಹೋದರೆ ಪ್ರತಿ ಈಡಿಗೂ ಕೇಸ್ ಮುಂದಕ್ಕೆ ಎಳೆದು ತಳದ ಹತ್ತಿರ ತೆಳುವಾಗುತ್ತೆ. ತಳದಿಂದ ಅರ್ಧ ಇಂಚಿನ ಒಳಗೆ ಹೊಳೆಯುವ ಉಂಗುರ ಕಂಡರೆ, ತುದಿ ಬಗ್ಗಿಸಿದ ಪೇಪರ್ ಕ್ಲಿಪ್ಪನ್ನು ಒಳಗೆ ಇಳಿಸಿ ಗೋಡೆಗೆ ತಾಗಿಸಿ ಎಳೆಯಿರಿ. ಅಲ್ಲಿ ಹಳ್ಳ ಸಿಕ್ಕಿದರೆ ಆ ಕೇಸ್ ಕಸಕ್ಕೆ. ಮುಂದಿನ ಸಲ ಅದು ಅಲ್ಲೇ ಎರಡಾಗುತ್ತೆ.

ಉದ್ದವನ್ನೂ ಈಗಲೇ ನೋಡಿ. .308 ಕೇಸಿನ ಗರಿಷ್ಠ 2.015 ಇಂಚು, ಕತ್ತರಿಸಬೇಕಾದ್ದು 2.005ಕ್ಕೆ. ಅಳೆಯೋದು ಡೈಗೆ ಹಾಕಿದ ಮೇಲೆ, ಮೊದಲಲ್ಲ. ಡೈಗೆ ಹಾಕುವ ಮುಂಚೆ ಸವರುವ ಲೂಬ್ ಮೈಗೆ ತೆಳ್ಳಗೆ ಸಾಕು. ಭುಜದ ಮೇಲೆ ಜಾಸ್ತಿ ಆದರೆ ಗುಳಿ ಬೀಳುತ್ತೆ, ಮೈಗೆ ಕಡಿಮೆಯಾದರೆ ಕೇಸ್ ಡೈಯೊಳಗೇ ಕಚ್ಚಿಕೊಂಡು ಅವತ್ತಿನ ಕೆಲಸ ಅಲ್ಲಿಗೆ ಮುಗೀತು.

ಅಳತೆಗೋಲು:

ಎರಡನೇ ಲೋಡ್ ನೋಡ್ ಅಲ್ಲ. ಅದು ನೋಡ್ ಹೌದೋ ಅಲ್ಲವೋ ಹೇಳುವಷ್ಟು ಮಾಹಿತಿ ಆ ಮೂರು ತೂತುಗಳಲ್ಲಿ ಇಲ್ಲ, ಅಷ್ಟೇ.

ಒಂದೇ ರೈಫಲ್, ಒಂದೇ ಲೋಡ್ ಹಿಡಿದು ಮೂರು ಈಡಿನ ಗ್ರೂಪ್‌ಗಳನ್ನೇ ಹೊಡೆಯುತ್ತಾ ಹೋದರೆ ಸರಾಸರಿ 0.8 ಇಂಚು ಬರುತ್ತೆ ಅಂತಿಟ್ಟುಕೊಳ್ಳಿ. ಅದೇ ಲೋಡ್ ಐದು ಈಡಿಗೆ ಸರಾಸರಿ 1.0, ಹತ್ತು ಈಡಿಗೆ 1.25ರ ಹತ್ತಿರ ಬರುತ್ತೆ. ಏನೂ ಕೆಟ್ಟಿಲ್ಲ, ಈಡು ಹೆಚ್ಚಾದಂತೆ ಗ್ರೂಪ್ ಅಗಲವಾಗೋದೇ ಲೆಕ್ಕ. ಮತ್ತೆ ಮೂರು ಈಡಿನ ಗ್ರೂಪ್ ಒಂದರಿಂದ ಇನ್ನೊಂದಕ್ಕೆ ಎರಡರಷ್ಟು ಹೆಚ್ಚುಕಮ್ಮಿ ಆಗೋದು ಮಾಮೂಲು. ನಿಮ್ಮ 0.7 ಮತ್ತು 1.6 ಎರಡೂ ಒಂದೇ ಲೋಡಿನಿಂದ ಬರಬಹುದಾದ ಅಂಕಿಗಳು. ಆರನ್ನೂ ಮತ್ತೊಮ್ಮೆ ಹೊಡೆದರೆ ಬಹುಶಃ ಬೇರೊಂದು 'ನೋಡ್' ಗೆಲ್ಲುತ್ತೆ.

ವೇಗದ ಲೆಕ್ಕವೂ ಹೀಗೇ. ವೇಗ ಅಳೆಯುವ ಕ್ರೋನೋಗ್ರಾಫ್ ಐದು ಈಡಿಗೆ ಎಸ್‌ಡಿ (ವೇಗದ ಏರುಪೇರಿನ ಅಳತೆ) 8 ಅಂತ ತೋರಿಸಿದರೆ, ನಿಜವಾದದ್ದು 5ರಿಂದ 23ರ ನಡುವೆ ಎಲ್ಲಾದರೂ ಇರಬಹುದು, ಶೇ. 95ರ ಭರವಸೆಯಲ್ಲಿ. ಹತ್ತು ಈಡು ಹೊಡೆದರೆ ಅದು 5.5ರಿಂದ 14.6ಕ್ಕೆ ಇಳಿಯುತ್ತೆ. ಐದು ಈಡಿನ ಎಸ್‌ಡಿ ಹಾಕಿ ಜಂಬ ಕೊಚ್ಚುವ ಪೋಸ್ಟ್‌ಗಳನ್ನು ಓದುವಾಗ ಇದು ನೆನಪಿರಲಿ.

ಹಾಗಾಗಿ ಏರಿಸುವ ಪರೀಕ್ಷೆಯ ಕೆಲಸ ಒಂದೇ: ನಿಮ್ಮ ರೈಫಲ್‌ನಲ್ಲಿ ಒತ್ತಡ ಎಲ್ಲಿ ಶುರುವಾಗುತ್ತೆ ಅಂತ ಕಂಡುಹಿಡಿಯೋದು. ಅದಕ್ಕೆ ಒಂದು ತೂಕಕ್ಕೆ ಒಂದೇ ಈಡು ಸಾಕು. ಪ್ರತಿ ಈಡಿನ ನಂತರ ಕೇಸ್ ಕೈಗೆ ತಗೊಂಡು ನೋಡಿ. ಬೋಲ್ಟ್ ಎತ್ತೋದು ಭಾರವಾಯಿತೇ, ಕೇಸಿನ ತಳದಲ್ಲಿ ಎಜೆಕ್ಟರಿನ (ಕೇಸನ್ನು ಹೊರಗೆಸೆಯುವ ಕಡ್ಡಿಯ) ಹೊಳೆಯುವ ಗುಂಡನೆ ಗುರುತು ಬಿತ್ತೇ? ಇವೆರಡರಲ್ಲಿ ಒಂದು ಕಂಡರೂ ಅಲ್ಲಿಗೆ ನಿಲ್ಲಿಸಿ. ಅದಕ್ಕಿಂತ ಮೇಲಿನ ತೋಟೆಗಳನ್ನು ಹೊಡೆಯಬೇಡಿ, ಮನೆಗೆ ತಂದು ಪುಲ್ಲರಿನಲ್ಲಿ ಬಿಚ್ಚಿ. ಪ್ರೈಮರ್ ಚಪ್ಪಟೆಯಾಗೋದನ್ನು ಮಾತ್ರ ನಂಬಿ ಕೂರಬೇಡಿ, ಒತ್ತಡ ಕಡಿಮೆಯಿದ್ದು ಹೆಡ್‌ಸ್ಪೇಸ್ (ಚೇಂಬರಿನಲ್ಲಿ ಕೇಸಿಗೆ ಸಿಗುವ ಸಡಿಲ) ಹೆಚ್ಚಿದ್ದರೂ ಚಪ್ಪಟೆಯಾಗುತ್ತೆ. ಎಲ್ಲಕ್ಕಿಂತ ನೆಚ್ಚಬಹುದಾದ ಸಾಕ್ಷಿ ಕ್ರೋನೋಗ್ರಾಫ್. ಮ್ಯಾನ್ಯುಯಲ್ ತನ್ನ ಗರಿಷ್ಠ ತೂಕಕ್ಕೆ ಕೊಟ್ಟ ವೇಗ ನಿಮಗೆ ಕಡಿಮೆ ಮದ್ದಿನಲ್ಲೇ ಬಂತು ಅಂದರೆ ಗರಿಷ್ಠ ಒತ್ತಡವೂ ಆಗಲೇ ಬಂದಿದೆ. ಅವರ ಟೆಸ್ಟ್ ಬ್ಯಾರೆಲ್ 24 ಇಂಚಿನದಾಗಿದ್ದರೆ ನಿಮ್ಮ 22 ಇಂಚಿಗೆ ಇನ್ನೂ ಸ್ವಲ್ಪ ಮೊದಲೇ ನಿಲ್ಲಬೇಕು. ಪುಕ್ಕಟೆ ವೇಗ ಅಂತ ಯಾವುದೂ ಇಲ್ಲ.

ಒತ್ತಡ ಕಂಡ ಜಾಗದಿಂದ, ಕಾಣದಿದ್ದರೆ ಮ್ಯಾನ್ಯುಯಲ್‌ನ ಗರಿಷ್ಠದಿಂದ, ಒಂದು ಗ್ರೇನ್‌ನಷ್ಟು ಕೆಳಗೆ ಬಂದು ಆ ಒಂದು ತೂಕದಲ್ಲಿ ಇಪ್ಪತ್ತು ತೋಟೆ ಮಾಡಿ. ಹತ್ತತ್ತರ ಎರಡು ಗ್ರೂಪ್. ತೆಳು ಬ್ಯಾರೆಲ್ ಅಲ್ವಾ, ಮೂರು ಈಡಿಗೊಮ್ಮೆ ಆರಲು ಬಿಡಿ. ಒಂದೇ ಗುರಿ ಹಾಳೆಯ ಮೇಲೆ ಸೇರಿಸುತ್ತಾ ಹೋದರಾಯಿತು.

ಸಿಯೆರಾಭಟ್:

ಅಳತೆಗೋಲು ಅವರ ಲೆಕ್ಕ ಒಪ್ಪುತ್ತೇನೆ, ಆದರೆ ಲ್ಯಾಡರ್, ಅಂದರೆ ಮದ್ದು ಏರಿಸುತ್ತಾ ಹೊಡೆಯುವ ಪರೀಕ್ಷೆ, ಪೂರ್ತಿ ದಂಡ ಅನ್ನೋದು ಅತಿ. 300 ಗಜದಲ್ಲಿ ಹೊಡೆದಾಗ ಪಕ್ಕಪಕ್ಕದ ಎರಡು ಮೂರು ತೂಕಗಳು ಒಂದೇ ಎತ್ತರಕ್ಕೆ ಬೀಳೋದು ಕಾಣುತ್ತೆ. ಅದರ ಮಧ್ಯದ ತೂಕ ಹಿಡಿದರೆ ತಕ್ಕಡಿ 0.1 ಗ್ರೇನ್ ಆಚೀಚೆ ಆದರೂ ಚಿಂತೆಯಿಲ್ಲ.

ಅಳತೆಗೋಲು:

ಭಟ್ರೇ, ಅದೇ ಲ್ಯಾಡರನ್ನು ಇನ್ನೆರಡು ಸಲ ಹೊಡೆದು ಮೂರು ಸಲವೂ ಅದೇ ತೂಕಗಳು ಒಂದೇ ಎತ್ತರಕ್ಕೆ ಬಿದ್ದರೆ ಒಪ್ಪೋಣ. ಸಾಮಾನ್ಯವಾಗಿ ಬೀಳಲ್ಲ. 0.1 ಗ್ರೇನ್‌ಗೆ ವೇಗ ಬದಲಾಗೋದೇ ಸೆಕೆಂಡಿಗೆ ಐದಾರು ಅಡಿ. 300 ಗಜದಲ್ಲಿ ಅದರ ಪರಿಣಾಮ ಅಳೆಯಲೂ ಸಿಗಲ್ಲ. ಗ್ರೂಪ್ ನಿಜಕ್ಕೂ ಬದಲಾಗಬೇಕಾದರೆ ಗುಂಡನ್ನೇ ಬದಲಿಸಬೇಕು, ಆಮೇಲೆ ಮದ್ದು. ತೂಕ ತೀಡೋದು ಕೊನೆಗೆ.

ಕೋವಿಮನೆ:

ಗುಂಡು ಕೂರಿಸೋ ವಿಷಯ ಉಳಿದಿದೆ. ತಾಮ್ರದ ಗುಂಡಿನಲ್ಲಿ ಹತ್ತಿರ ಅಂದರೆ ಚೆನ್ನ ಅನ್ನೋ ಲೆಕ್ಕ ಬಿಡಿ. ರೈಫ್ಲಿಂಗ್‌ನಿಂದ ಕನಿಷ್ಠ 0.050 ಇಂಚು ದೂರ ಅಂತ ಬಾರ್ನ್ಸ್ ಕಂಪನಿಯೇ ಹೇಳುತ್ತೆ. ಅಲ್ಲಿಂದ ಶುರು ಮಾಡಿ 0.080, 0.110 ಹೀಗೆ ಒಳಗೆ ಹೋಗಿ, ಹೊರಗಲ್ಲ. 0.005 ಇಂಚಿನ ಹೆಜ್ಜೆಗಳಿಂದ ಏನೂ ತಿಳಿಯಲ್ಲ. ಆಳಕ್ಕೆ ಹೋದಂತೆ ಕೇಸಿನೊಳಗೆ ಜಾಗ ಕಡಿಮೆಯಾಗಿ ಒತ್ತಡ ಏರುತ್ತೆ, ಗರಿಷ್ಠದ ಹತ್ತಿರದ ತೂಕದಲ್ಲಿ ಈ ಆಟ ಬೇಡ.

2.810 ಅನ್ನೋದು ತೋಟೆಯ ಪೂರ್ತಿ ಉದ್ದಕ್ಕೆ ಗೊತ್ತುಮಾಡಿದ ಗರಿಷ್ಠ, ಮ್ಯಾಗಜೀನಿಗೆ ಹಿಡಿಸಲಿ ಅಂತ. ನಿಮ್ಮ ಚೇಂಬರಿನಲ್ಲಿ ರೈಫ್ಲಿಂಗ್ ಎಲ್ಲಿ ಶುರುವಾಗುತ್ತೆ ಅನ್ನೋದು ಅದರಿಂದ ತಿಳಿಯಲ್ಲ. ಓಎಎಲ್ (ಪೂರ್ತಿ ಉದ್ದದ) ಗೇಜ್ ಮತ್ತು ಅದರ ತಿರುಪಿನ ಕೇಸ್ ತಗೊಂಡು, ಗುಂಡು ಮೆಲ್ಲಗೆ ತಾಗುವ ಜಾಗವನ್ನು ಐದು ಸಲ ಅಳೆದು ನೋಡಿ. ಅಳತೆ ಗುಂಡಿನ ತುದಿಗಲ್ಲ, ಓಜೈವ್‌ಗೆ (ಮೂತಿಯ ಬಾಗಿಗೆ), ಕಂಪ್ಯಾರೇಟರಿನಲ್ಲಿ. ಪ್ಲಾಸ್ಟಿಕ್ ತುದಿ ಒಂದೊಂದು ಗುಂಡಿನಲ್ಲಿ ಒಂದೊಂದು ಉದ್ದ. ಗುಂಡಿನ ಮೈಮೇಲಿನ ಸುತ್ತು ತೋಡುಗಳಿಗೆ ಕೇಸಿನ ಬಾಯಿ ಹೊಂದಲೇಬೇಕು ಅಂತಿಲ್ಲ, ಕ್ರಿಂಪೂ ಬೇಕಿಲ್ಲ.

ಬೇಟೆಯ ತೋಟೆ ರೈಫ್ಲಿಂಗ್‌ಗೆ ಒತ್ತಿ ಕೂರಲೇಬಾರದು. ಹೊಡೆಯದೆ ವಾಪಸ್ ತೆಗೆದಾಗ ಗುಂಡು ಬ್ಯಾರೆಲಿನಲ್ಲೇ ಸಿಕ್ಕಿಕೊಂಡು, ಕೇಸ್ ಮಾತ್ರ ಹೊರಗೆ ಬಂದು, ಮದ್ದೆಲ್ಲ ಆಕ್ಷನ್ನಿನೊಳಗೆ ಚೆಲ್ಲುತ್ತೆ. ಕಾಡಿನ ಮಧ್ಯೆ ಅದನ್ನು ಬಿಡಿಸೋಕೆ ಆಗಲ್ಲ.

ಇನ್ನೊಂದು, ಇದು ಎಲ್ಲರಿಗೂ: 150 ಗ್ರೇನ್ ಸೀಸದ ಗುಂಡಿನ ಡೇಟಾವನ್ನು 150 ಗ್ರೇನ್ ತಾಮ್ರಕ್ಕೆ ಹಾಕಬೇಡಿ. ತಾಮ್ರ ಹಗುರ, ಅದೇ ತೂಕಕ್ಕೆ ಗುಂಡು ಉದ್ದ, ಕೇಸಿನೊಳಗೆ ಹೆಚ್ಚು ಜಾಗ ತಿನ್ನುತ್ತೆ. ಆ ಗುಂಡಿನದೇ ಡೇಟಾ ಬೇಕು.

ಫ್ರೀಮಾಂಟ್‌ಗೌಡ:

ಖಾಲಿ ಕೇಸೇ ಬಿಗಿ ಇತ್ತು. ಡೈ ಇಳಿಸಿ 0.002ಕ್ಕೆ ತಂದೆ, ಈಗ ಬೋಲ್ಟ್ ಸಲೀಸು. ತಕ್ಕಡಿ ಒಂದೊಂದು ಸಲ ಅಂಕಿ ಅಲ್ಲಾಡಿಸುತ್ತೆ, 0.2ರಷ್ಟು. ಅದಕ್ಕೇನು ಮಾಡೋದು? ಹತ್ತು ಈಡಿಗೆ ಎಷ್ಟು ಗ್ರೂಪ್ ಬಂದರೆ ಸಾಕು?

ಸಿಯೆರಾಭಟ್:

ತಕ್ಕಡಿಯನ್ನು ಅರ್ಧ ಗಂಟೆ ಮೊದಲೇ ಆನ್ ಮಾಡಿಡಿ. ಎಸಿ ಗಾಳಿ, ಫ್ಯಾನ್, ಪಕ್ಕದಲ್ಲಿ ಫೋನ್, ಟ್ಯೂಬ್‌ಲೈಟ್ ಇವೆಲ್ಲ ಅದನ್ನು ಕೆಡಿಸುತ್ತವೆ. ಚೆಕ್ ವೇಟ್ (ತೂಕ ಖಚಿತವಿರುವ ಬಟ್ಟು) ಇಟ್ಟುಕೊಂಡು ಹತ್ತು ಹದಿನೈದು ತೂಕಕ್ಕೊಮ್ಮೆ ನೋಡಿ. ತಕ್ಕಡಿ ಗ್ರಾಂಗೆ ತಿರುಗಿಲ್ಲ, ಗ್ರೇನ್‌ನಲ್ಲೇ ಇದೆ ಅಂತ ಪ್ರತಿ ಸಲ ಖಾತ್ರಿ ಮಾಡಿಕೊಳ್ಳಿ. ಒಂದು ಗ್ರಾಂ ಅಂದರೆ 15.43 ಗ್ರೇನ್. ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬಿ ಇರಲಿ, ಮಿಕ್ಕಿದ್ದು ಬೀರುವಿನಲ್ಲಿ. ಕೆಲಸ ಮುಗಿದ ಮೇಲೆ ಮದ್ದು ಅಳೆದು ಸುರಿಯುವ ಮೆಷರಿನಲ್ಲಿ ಉಳಿದದ್ದನ್ನು ಅದೇ ಡಬ್ಬಿಗೆ ಸುರಿಯಿರಿ. ನಾಳೆ ನೋಡಿದರೆ ಯಾವ ಮದ್ದು ಅಂತ ಕಣ್ಣಿಗೆ ಗೊತ್ತಾಗಲ್ಲ.

ಗುಂಡು ಕೂರಿಸುವ ಮುಂಚೆ ತಟ್ಟೆಯಲ್ಲಿರುವ ಎಲ್ಲ ಕೇಸಿನೊಳಗೂ ಟಾರ್ಚ್ ಬಿಟ್ಟು ನೋಡಿ. ಮದ್ದಿಲ್ಲದ ತೋಟೆಯ ಪ್ರೈಮರ್ ಒಂದೇ ಗುಂಡನ್ನು ಬ್ಯಾರೆಲಿನೊಳಗೆ ತಳ್ಳಿ ನಿಲ್ಲಿಸುತ್ತೆ, ಅದರ ಹಿಂದೆ ಇನ್ನೊಂದು ಈಡು ಹೊಡೆದರೆ ಬ್ಯಾರೆಲ್ ಒಡೆಯುತ್ತೆ. ಪ್ರೈಮರ್ ಕೇಸಿನ ತಳಕ್ಕಿಂತ 0.003ರಿಂದ 0.005 ಇಂಚು ಒಳಗಿರಬೇಕು. ಬೆರಳು ಸವರಿದರೆ ಉಬ್ಬು ಸಿಗಬಾರದು.

ಅಳತೆಗೋಲು:

ಜಿಂಕೆಯ ಎದೆಗೂಡಿನಲ್ಲಿ ಗುರಿ ಜಾಗ ಸುಮಾರು ಎಂಟು ಇಂಚು ಅಂತ ಹಿಡಿಯಿರಿ. 300 ಗಜದಲ್ಲಿ ಅದು ಎರಡೂವರೆ ಎಂಓಎ (ಒಂದು ಎಂಓಎ ಅಂದರೆ 100 ಗಜಕ್ಕೆ ಸುಮಾರು ಒಂದು ಇಂಚು). ಹತ್ತು ಈಡಿಗೆ 1.5 ಬಂದರೆ ಆ ದೂರದಲ್ಲಿ ಗ್ರೂಪ್ ಐದು ಇಂಚಿನ ಒಳಗೆ. ಸಾಕು, ನಿಲ್ಲಿಸಿ, ಮಿಕ್ಕ ಗುಂಡುಗಳನ್ನು ಕೂತು, ಮಂಡಿಯೂರಿ ಹೊಡೆಯೋ ಅಭ್ಯಾಸಕ್ಕೆ ಇಡಿ. ಹತ್ತಕ್ಕೆ ಎರಡೂವರೆ ಬಂದರೆ ಲೋಡ್ ತಿದ್ದುವ ಮೊದಲು ಸ್ಕೋಪ್ ಬೇಸಿನ ತಿರುಪು, ಆಕ್ಷನ್ ತಿರುಪು ನೋಡಿ.

ತಾಮ್ರದಲ್ಲಿ ವೇಗ ಗ್ರೂಪಿಗಿಂತ ಮುಖ್ಯ. ಗುಂಡು ಅರಳಲು ಬೇಕಾದ ಕನಿಷ್ಠ ವೇಗ ಸೀಸಕ್ಕಿಂತ ಹೆಚ್ಚು. ಆ ಗುಂಡಿಗೆ ಕಂಪನಿ ಕೊಟ್ಟ ಅಂಕಿ ಹುಡುಕಿ, ನಿಮ್ಮ ಕ್ರೋನೋಗ್ರಾಫಿನ ವೇಗವನ್ನು ಬ್ಯಾಲಿಸ್ಟಿಕ್ ಕ್ಯಾಲ್ಕ್ಯುಲೇಟರಿಗೆ ಹಾಕಿ, ಅದು ಎಷ್ಟು ಗಜದಲ್ಲಿ ಮುಗಿಯುತ್ತೆ ನೋಡಿ. ಅಂಕಿ ಸಿಗದಿದ್ದರೆ ಸೆಕೆಂಡಿಗೆ 1,800 ಅಡಿ ಹಿಡಿದುಕೊಂಡರೆ ಸುರಕ್ಷಿತ. ಆ ಗಜವೇ ನಿಮ್ಮ ಮಿತಿ, ಗ್ರೂಪ್ ಎಷ್ಟೇ ಚಿಕ್ಕದಿರಲಿ.

ಹೊಸ ಬ್ಯಾರೆಲ್ ಅಂದ್ರಲ್ಲ, ಮೊದಲ ನೂರು ಚಿಲ್ಲರೆ ಈಡುಗಳಲ್ಲಿ ವೇಗ ತಾನಾಗಿಯೇ ಏರಬಹುದು. ನೂರೈವತ್ತು ದಾಟಿದ ಮೇಲೆ ಮತ್ತೊಮ್ಮೆ ವೇಗ ಅಳೆದು ಝೀರೋ (ಸ್ಕೋಪಿಗೂ ಗುಂಡು ಬೀಳುವ ಜಾಗಕ್ಕೂ ಹೊಂದಾಣಿಕೆ) ನೋಡಿ. ಎ ಝೋನ್ ಆಗಸ್ಟಿನ ಬಿಸಿಲು. ವಾರ್ಗೆಟ್ ಬಿಸಿಗೆ ಅಷ್ಟಾಗಿ ಬಗ್ಗಲ್ಲ, ಆದರೂ ತೋಟೆಗಳನ್ನು ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬೇಯಿಸಬೇಡಿ.

ನಿರ್ವಾಹಕ:

ಚೆನ್ನಾಗಿದೆ ಚರ್ಚೆ. ಮದ್ದಿನ ತೂಕದ ಅಂಕಿ ಯಾರೂ ಹಾಕದಿರೋದಕ್ಕೆ ಧನ್ಯವಾದ, ಅದು ಮ್ಯಾನ್ಯುಯಲ್‌ನಿಂದಲೇ ಬರಲಿ. ಊರಿಂದ ಓದುತ್ತಿರುವವರಿಗೆ: ಭಾರತದಲ್ಲಿ ಮನೆಯಲ್ಲಿ ತೋಟೆ ತುಂಬೋದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 5ರಡಿ ಪರವಾನಗಿ ಇಲ್ಲದೆ ಅಪರಾಧ. ಕೋವಿ ಲೈಸೆನ್ಸ್ ಇದ್ದರೆ ಇದೂ ನಡೆಯುತ್ತೆ ಅಂತಲ್ಲ.

ಫ್ರೀಮಾಂಟ್‌ಗೌಡ:

ಕೊನೆಯ ಪ್ರಶ್ನೆ. ಬೇಟೆಗೆ ಹೊರಡೋ ಮುಂಚೆ ಬ್ಯಾರೆಲ್ ತೊಳೆಯಬೇಕಾ?

ಕೋವಿಮನೆ:

ತೊಳೆದರೆ ಮತ್ತೆ ನಾಲ್ಕೈದು ಈಡು ಹೊಡೆದು ಕೊಳೆ ಕೂರಿಸಿಕೊಂಡೇ ಹೋಗಿ. ಶುದ್ಧ ಬ್ಯಾರೆಲಿನ ಮೊದಲ ಈಡು ಬೇರೆ ಕಡೆ ಬೀಳೋದು ಸಾಮಾನ್ಯ, ಎಣ್ಣೆ ಉಳಿದಿದ್ದರೆ ಇನ್ನೂ ಹೆಚ್ಚು. ಬೇಟೆಯಲ್ಲಿ ಲೆಕ್ಕಕ್ಕೆ ಬರೋದು ತಣ್ಣಗಿನ ಬ್ಯಾರೆಲಿನ ಮೊದಲ ಈಡು, ಅದನ್ನೇ ಬೇರೆ ಬೇರೆ ದಿನ ಒಂದೊಂದರಂತೆ ಒಂದೇ ಹಾಳೆಯ ಮೇಲೆ ಹೊಡೆದು ನೋಡಿ, ಝೀರೋ ಅದಕ್ಕೆ ಹೊಂದಿಸಿ. ಬೇಟೆಗೆ ಒಯ್ಯುವ ತೋಟೆಗಳನ್ನು ಮಾತ್ರ ರೇಂಜಿನಲ್ಲಿ, ಬ್ಯಾರೆಲ್ ಗುರಿ ದಿಬ್ಬದ ಕಡೆ ಇಟ್ಟು, ಮ್ಯಾಗಜೀನಿನಿಂದ ಒಂದೊಂದಾಗಿ ಚೇಂಬರಿಗೆ ಹಾಕಿ ತೆಗೆಯಿರಿ. ಬಿಗಿಯಾದದ್ದು ಪಕ್ಕಕ್ಕೆ.