ತಪ್ಪಿದ್ದು ಬೆರಳು, ಸಾರಿದ್ದು ಮುಖ

ಭಾನುವಾರದ ಕಛೇರಿಯಲ್ಲಿ ತಾನು ನುಡಿಸುವುದಿಲ್ಲ ಎಂದು ಪಿಟೀಲಿನ ಗೆಳೆಯ ಘೋಷಿಸಿದಾಗ ನಾವು ಮೂವರೂ ಅವನ ಹಣೆ ಮುಟ್ಟಿ ನೋಡಿದೆವು. ಜ್ವರವಿರಲಿಲ್ಲ. ಅಂಗೈ ಮಾತ್ರ ಒದ್ದೆ.

"ವೇದಿಕೆ ಹತ್ತಿದರೆ ಕಮಾನು ನಡುಗುತ್ತದೆ. ಒಂದು ಸ್ವರ ತಪ್ಪಿದರೆ ಮಾನ ಹೋಯಿತು" ಎಂದ.

"ನಿನಗೆ ಕಮಾನು, ನನಗೆ ಬಾಯಿ" ಎಂದೆ. ಒಣಗಿದ ತುಟಿಯಿಂದ ಕೊಳಲೂದಿದರೆ ಸ್ವರಕ್ಕಿಂತ ಗಾಳಿಯೇ ಹೆಚ್ಚು. ಪಾಪ, ಹೆದರಿದಾಗ ಮೈಯಲ್ಲಿ ಉಕ್ಕುವ ಅಡ್ರಿನಲಿನ್‌ಗೆ ಸಂಗೀತ ಗೊತ್ತಿಲ್ಲ. ಎದುರಿಗೆ ಹುಲಿ ಬಂದಿದೆ ಎಂದೇ ಅದರ ಲೆಕ್ಕ. ಓಡು ಅಥವಾ ಹೊಡೆದಾಡು ಎನ್ನುತ್ತದೆ. ಸುಮ್ಮನೆ ಕುಳಿತು ಷಡ್ಜ ಹಿಡಿ ಎಂದು ಅದು ಯಾರಿಗೂ ಹೇಳಿದ್ದಿಲ್ಲ.

"ನಾನು ಹೆದರಿದರೆ ಯಾರಿಗೂ ತಿಳಿಯುವುದಿಲ್ಲ" ಎಂದ ಡ್ರಮ್ಸ್‌ನವನು.

"ಹೌದಪ್ಪಾ, ಹತ್ತು ನಿಮಿಷದ ಹಾಡು ಏಳು ನಿಮಿಷಕ್ಕೆ ಮುಗಿಯುತ್ತದೆ, ಅಷ್ಟೇ" ಎಂದಳು ಹಾಡುವ ಗೆಳತಿ. ಆಮೇಲೆ ಪಿಟೀಲಿನವನತ್ತ ತಿರುಗಿ, "1960ರಲ್ಲಿ ಬರ್ಲಿನ್‌ನಲ್ಲಿ ಜಾಝ್ ಗಾಯಕಿ ಎಲ್ಲಾ ಫಿಟ್ಜ್‌ಜೆರಾಲ್ಡ್ ನಡುಹಾಡಿನಲ್ಲೇ ಸಾಹಿತ್ಯ ಮರೆತರು, ಗೊತ್ತೇ?" ಎಂದಳು.

"ಎಲ್ಲಾ ಮರೆತರೇ?"

"ಎಲ್ಲಾ ಮರೆತರು. ಆದರೆ ಎಲ್ಲಾ ಮರೆಯಲಿಲ್ಲ, ತಾಳ ನೆನಪಿತ್ತು! ಸಾಹಿತ್ಯ ಮರೆತೆ ಎಂಬುದನ್ನೇ ಹಾಡಿಗೆ ಸೇರಿಸಿ, ಅಲ್ಲೇ ಪದ ಕಟ್ಟಿ ಮುಗಿಸಿದರು. ಆ ಧ್ವನಿಮುದ್ರಣಕ್ಕೇ ಗ್ರ್ಯಾಮಿ ಪ್ರಶಸ್ತಿ ಬಂತು."

ನಾನೂ ಸುಮ್ಮನಿರಲಾರದೆ ಪಿಯಾನೋದ ಹೊರೊವಿಟ್ಸ್ ಅವರನ್ನು ಎಳೆದು ತಂದೆ. 1953ರಿಂದ ಹನ್ನೆರಡು ವರ್ಷ ಕಛೇರಿ ಕೊಡದೆ ಇದ್ದವರು 1965ರಲ್ಲಿ ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ಗೆ ಮರಳಿದಾಗ ಆರಂಭದಲ್ಲೇ ತಪ್ಪು ಸ್ವರ ಒತ್ತಿದರು. ಜನರ ಚಪ್ಪಾಳೆಗೇನೂ ಕಡಿಮೆಯಾಗಲಿಲ್ಲ.

"ಹನ್ನೆರಡು ವರ್ಷವೇ?" ಎಂದು ಪಿಟೀಲಿನವನ ಕಣ್ಣು ಅರಳಿತು. "ಅಷ್ಟು ರಜೆ ಸಿಗುತ್ತದೆಯೇ?"

ನನ್ನ ಉದಾಹರಣೆ ನನಗೇ ತಿರುಗಿಬಿತ್ತು.

ಗೆಳತಿ ಬಿಡಲಿಲ್ಲ. "ಕಳೆದ ಸಲ ನೀನು ಒಂದೇ ಒಂದು ಸ್ವರ ತಪ್ಪಿದೆ. ಅದು ಯಾರಿಗೂ ಕೇಳಿಸಲಿಲ್ಲ. ಆದರೆ ಮರುಕ್ಷಣ ಹರಳೆಣ್ಣೆ ಕುಡಿದವನ ಮುಖ ಮಾಡಿದೆಯಲ್ಲ, ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದವರೂ ಏನೋ ಆಯಿತೆಂದು ಎದ್ದು ಕುಳಿತರು. ಮನೆಯಲ್ಲೂ ಅಷ್ಟೇ. ತಪ್ಪಿದ ಕೂಡಲೇ ನಿಲ್ಲಿಸಿ ಮೊದಲಿನಿಂದ ಶುರುಮಾಡುತ್ತೀಯೆ. ಮೊದಲ ನಾಲ್ಕು ಸಾಲು ನೂರು ಸಲ, ಕೊನೆಯ ಸಾಲು ಹತ್ತು ಸಲ! ನೀನು ಇಷ್ಟು ದಿನ ಅಭ್ಯಾಸ ಮಾಡಿದ್ದು ನುಡಿಸುವುದನ್ನಲ್ಲ, ನಿಲ್ಲಿಸುವುದನ್ನು. ತೆಗೆ ಪಿಟೀಲು. ಮನೆಗೆ ಬೆಂಕಿ ಬಿದ್ದರೂ ನಿಲ್ಲಿಸಬಾರದು."

ತೆಗೆದ. ಶುರುವಾದ ಸ್ವಲ್ಪ ಹೊತ್ತಿಗೆ ಡ್ರಮ್ಸ್‌ನವನು ಬೇಕೆಂದೇ ಕೋಲು ಕೆಳಗೆ ಬೀಳಿಸಿದ. ನಾನು ಕೆಮ್ಮಿದೆ. ಪಿಟೀಲಿನವನ ಹುಬ್ಬು ಎರಡು ಸಲ ಮೇಲೇರಿ ತಾನಾಗಿಯೇ ಇಳಿಯಿತು, ಕಮಾನು ನಿಲ್ಲಲಿಲ್ಲ. ಕೊನೆಯ ಸಾಲೂ ಬಂತು. ನಾವು ಅದನ್ನು ಕೇಳಿದ್ದು ಅದೇ ಮೊದಲು.

"ಎಷ್ಟು ತಪ್ಪು?" ಎಂದು ಕೇಳಿದ.

ಎರಡು ಎಂದೆ ನಾನು. ಗೆಳತಿ ಒಂದು ಎಂದಳು. ಡ್ರಮ್ಸ್‌ನವನು ಮೊಬೈಲ್‌ನಿಂದ ತಲೆಯೆತ್ತಿ, "ಮುಗಿಯಿತೇ?" ಎಂದ.

"ಒಂಬತ್ತು!" ಎಂದು ಗುಡುಗಿದ ಪಿಟೀಲಿನವನು. "ಒಂಬತ್ತು ತಪ್ಪು ಮಾಡಿದ್ದೇನೆ! ಕಿವಿಯೇ ಇಲ್ಲದ ನಿಮ್ಮನ್ನು ನಂಬಿ ಭಾನುವಾರದ ಮರ್ಯಾದೆ ಬಿಟ್ಟುಕೊಡಲೇ? ನಾನೇ ಬರುತ್ತೇನೆ!"