ಗಾಂಜಾ ಪ್ಯಾಕೆಟ್ ಮೇಲೆ ‘ಸಟೈವಾ’ ಅಂತಿದ್ದರೆ ಏನರ್ಥ? ಫಾರ್ಮಸಿಸ್ಟ್ ಮೇಡಂಗೆ ಪ್ರಶ್ನೆ

ಪ್ರಶ್ನೆ: ನಮಸ್ತೆ ಮೇಡಂ. ನಾನಿರುವುದು ಟೊರೊಂಟೊ ಹತ್ತಿರ, ವಯಸ್ಸು 34. ಹೋದ ಶನಿವಾರ ಲೈಸೆನ್ಸ್ ಇರುವ ಅಂಗಡಿಯಿಂದಲೇ ಜ್ಯಾಕ್ ಹೆರರ್ ಅನ್ನುವ ಗಾಂಜಾ ತಳಿ ತಂದೆ. ಇದರಲ್ಲಿ ಸಟೈವಾ ಜಾಸ್ತಿ, ಸೇದಿದರೆ ನಿದ್ದೆ ಬರಲ್ಲ, ಲವಲವಿಕೆ ಬರುತ್ತದೆ ಅಂತ ಕೌಂಟರಿನ ಹುಡುಗ ಹೇಳಿದ. ಎಲ್ಲಿಯ ಲವಲವಿಕೆ! ಎದೆ ಡವಡವ ಅಂತ ಹೊಡೆದುಕೊಂಡು ಒಂದು ಗಂಟೆ ಸೋಫಾದಿಂದ ಏಳಲಿಲ್ಲ. ಪ್ಯಾಕೆಟ್ ಮೇಲೆ ಅಮಲೇರಿಸುವ ಟಿಎಚ್‌ಸಿ ಗ್ರಾಂಗೆ 8 ಮಿಗ್ರಾಂ ಅಂತಿತ್ತು, ಕಮ್ಮಿನೇ ಅಲ್ವಾ? ಸಟೈವಾ ಅಂದರೆ ಹೀಗೇನಾ, ಇಲ್ಲ ಅವನು ಬೇರೆ ಏನೋ ಕೊಟ್ಟನಾ?

ಉತ್ತರ: ಪಾಪ, ಹುಡುಗ ಮೋಸ ಮಾಡಿರಲಿಕ್ಕಿಲ್ಲ. ಪ್ಯಾಕೆಟ್ ಇನ್ನೂ ಇದ್ದರೆ ಮತ್ತೆ ನೋಡಿ, ‘ಟೋಟಲ್ ಟಿಎಚ್‌ಸಿ’ ಅಂತ ಇನ್ನೊಂದು ಸಾಲು ಸಿಗಬೇಕು, ಅಲ್ಲಿ ಗ್ರಾಂಗೆ 200 ಮಿಗ್ರಾಂ ಆಸುಪಾಸು ಇದ್ದರೆ ನನಗೇನೂ ಆಶ್ಚರ್ಯವಿಲ್ಲ. ಒಣ ಹೂವಿನಲ್ಲಿ ಇರುವುದು ಬಹುಪಾಲು ಟಿಎಚ್‌ಸಿಎ. ಅದಕ್ಕೆ ಅಮಲಿಲ್ಲ. ಬಿಸಿ ತಾಗಿದ ಮೇಲೆ ಅದೇ ಟಿಎಚ್‌ಸಿ ಆಗುತ್ತದೆ. ನೀವು ಓದಿದ್ದು ಕಡ್ಡಿ ಗೀರುವ ಮುಂಚಿನ ಲೆಕ್ಕ! ಅರ್ಧ ಗ್ರಾಂ ಸೇದಿದರೆ ಅದರಲ್ಲಿ 100 ಮಿಗ್ರಾಂ ಆಯಿತು. ಅಷ್ಟೂ ಮೈಗೆ ಸೇರಲ್ಲ ನಿಜ, ಆದರೆ ಇಲ್ಲಿ ಮಾರುವ ಗಾಂಜಾ ಮಿಠಾಯಿಯ ಇಡೀ ಪ್ಯಾಕೆಟ್‌ನಲ್ಲೇ 10 ಮಿಗ್ರಾಂ ದಾಟುವಂತಿಲ್ಲ ಅನ್ನುವುದನ್ನು ನೆನಪಿಡಿ. ಎದೆಬಡಿತ ಏರಿಸುವುದು ಟಿಎಚ್‌ಸಿಯೇ, ತಳಿಯ ಹೆಸರು ಏನೇ ಇರಲಿ.

ಇನ್ನು ಸಟೈವಾ. ಅದು ಮುಖ್ಯವಾಗಿ ಗಿಡದ ಸ್ವಭಾವ. ಎತ್ತರ ಬೆಳೆಯುತ್ತದೆ, ಎಲೆ ಸಪೂರ, ಹೂ ಬಲಿಯಲು 10 ವಾರ, ಕೆಲವಕ್ಕೆ ಇನ್ನೂ ಜಾಸ್ತಿ. ಇನ್ನೊಂದು ಬಗೆ ಇಂಡಿಕಾ, ಅದು ಗಿಡ್ಡ, ಅಗಲ ಎಲೆ, ಬೇಗ ಕೊಯ್ಲಿಗೆ ಬರುತ್ತದೆ. ಬೆಳೆಯುವವನಿಗೆ ಇದು ಬೇಕು, ಸೇದುವವನಿಗೆ ಅಷ್ಟಿಲ್ಲ. ಲ್ಯಾಟಿನ್‌ನಲ್ಲಿ ಸಟೈವಾ ಅಂದರೆ ಬಿತ್ತಿ ಬೆಳೆದದ್ದು ಅಂತ. ನಮ್ಮ ಭತ್ತವೂ ಒರೈಜಾ ಸಟೈವಾನೇ, ಅನ್ನ ಉಂಡರೆ ನಿದ್ದೆ ಬರಲ್ವಾ! 2021ರಲ್ಲಿ ಕೆನಡಾದ ಡಾಲ್ಹೌಸಿ ವಿಶ್ವವಿದ್ಯಾಲಯದವರ ಅಧ್ಯಯನ ಬಂತು. ಸಟೈವಾ, ಇಂಡಿಕಾ ಅನ್ನುವ ಲೇಬಲ್ಲಿಗೂ ಗಿಡದ ವಂಶಕ್ಕೂ ಸರಿಯಾಗಿ ತಾಳೆ ಬೀಳಲಿಲ್ಲ, ಒಂದಿಷ್ಟು ಹೊಂದಿದ್ದು ವಾಸನೆ ಕೊಡುವ ಟರ್ಪೀನ್‌ಗಳ ಜೊತೆ. ಜ್ಯಾಕ್ ಹೆರರ್‌ನಲ್ಲಿ ಸಾಮಾನ್ಯವಾಗಿ ಟರ್ಪಿನೊಲೀನ್ ಅನ್ನುವ ಟರ್ಪೀನ್ ಜಾಸ್ತಿ, ಆ ಪೈನ್ ಮರದಂಥ ಘಮ ಅದರದ್ದೇ.

ಬಿಟ್ಟರೆ ಒಳ್ಳೆಯದು. ಸೇದಲೇಬೇಕು ಅಂದರೆ ಒಂದೇ ದಮ್ಮು, ಕಾಲು ಗಂಟೆ ಸುಮ್ನೆ ಕಾಯಿರಿ, ಕಾರು ಮುಟ್ಟಬೇಡಿ. ಬಿಪಿ ಅಥವಾ ಹೃದಯದ ತೊಂದರೆ ಇದ್ದರೆ ಮೊದಲು ಡಾಕ್ಟರಿಗೆ ತೋರಿಸಿ.

ಇನ್ನೊಬ್ಬರು: ಮೇಡಂ, ಊರಲ್ಲಿ ಅಪ್ಪನಿಗೆ ಮಂಡಿನೋವು. ಗಾಂಜಾ ಗಿಡದಿಂದ ತೆಗೆಯುವ, ಅಮಲಿಲ್ಲದ ಸಿಬಿಡಿ ಎಣ್ಣೆ ತಗೊಂಡು ಹೋಗಬಹುದಾ?

ಉತ್ತರ: ಬೇಡವೇ ಬೇಡ. 2018ರಿಂದ ಕೆನಡಾದಲ್ಲಿ ಗಾಂಜಾ ಕಾನೂನುಬದ್ಧ, ಆದರೆ ದೇಶದ ಗಡಿ ದಾಟಿಸುವುದು ಇಲ್ಲೂ ಅಪರಾಧ. ಸಿಬಿಡಿಯೂ ಅಷ್ಟೇ, ಡಾಕ್ಟರ್ ಚೀಟಿ ಇದ್ದರೂ ಅಷ್ಟೇ. ಆ ಕಡೆ ಭಾರತದಲ್ಲಿ ಇಳಿದರೆ ಮಾದಕವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆ ಕಾಯುತ್ತಿರುತ್ತದೆ. ಅಪ್ಪನನ್ನು ಊರಲ್ಲೇ ಮೂಳೆ ಡಾಕ್ಟರಿಗೆ ತೋರಿಸಿ, ಎಕ್ಸ್‌ರೇ ವರದಿ ಬಂದ ಮೇಲೆ ಬೇಕಾದರೆ ಇಲ್ಲಿ ಬರೆಯಿರಿ.