ಕೂಡುಬಾವಿಯ ಪೈಪು ನಡುಗುವುದೇಕೆ? ಪಂಪು ಮೇಸ್ತ್ರಿಯವರೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ಶಿರಸಿ, ಸಿದ್ದಾಪುರದ ಕಡೆ ಹಿಸೆಯಾದ ಮೇಲೂ ಒಂದೇ ಬಾವಿಯ ನೀರು ಕುಡಿಯುವ ಮನೆಗಳು ಬಹಳ. ಅಂಥ ಬಾವಿಗಳ ಪೈಪುಗಳ ಬಗ್ಗೆ ದೂರು ಹೆಚ್ಚಾಗಿರುವುದರಿಂದ, 22 ವರ್ಷಗಳಿಂದ ಪಂಪು ಇಳಿಸಿ ಎತ್ತುತ್ತಿರುವ ಮೇಸ್ತ್ರಿಯವರನ್ನು ಇಂದು ಈ ಗುಂಪಿನಲ್ಲಿ ಉತ್ತರಿಸುವಂತೆ ಕೇಳಿಕೊಂಡಿದ್ದೇವೆ. ಮನೆಯ ಹೆಸರಿನಲ್ಲೇ ಪ್ರಶ್ನೆ ಬರೆಯಬಹುದು.

ಕೆಳಗಿನಮನೆ: ಮೇಸ್ತ್ರಿಗಳಿಗೆ ನಮಸ್ಕಾರ. ನಮ್ಮದು ಮೂರು ಮನೆಗಳ ತೆರೆದ ಬಾವಿ, 1 ಎಚ್‌ಪಿ ಮೋನೋಬ್ಲಾಕ್ ಪಂಪು, ಒಂದೂಕಾಲು ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು. ಹದಿನೈದು ದಿನಗಳಿಂದ ಪಂಪು ನಿಲ್ಲಿಸಿದ ಕೂಡಲೇ ‘ಧಡ್’ ಎಂದು ಸದ್ದಾಗಿ ಗೋಡೆಯ ಪೈಪು ನಡುಗುತ್ತದೆ. ಅಡುಗೆಮನೆಯ ನಾಗಂದಿಗೆಯ ಮೇಲಿನ ಲೋಟಗಳು ಅಂಚಿಗೆ ಸರಿದು ಒಂದು ಕೆಳಗೂ ಬಿತ್ತು. ಪಂಪು ಹಾಳಾಗಿದೆಯೇ?

ಮೇಸ್ತ್ರಿ: ಪಂಪು ಹಾಳಾಗಿಲ್ಲ. ನಿಲ್ಲಿಸಿದಾಗ ಮಾತ್ರ ಸದ್ದು ಎಂದು ಬರೆದಿರುವುದರಿಂದ ನನ್ನ ಅರ್ಧ ಕೆಲಸವನ್ನು ನೀವೇ ಮಾಡಿದ್ದೀರಿ. ಕರೆಂಟು ಹೋದೊಡನೆ ಏರುತ್ತಿದ್ದ ನೀರು ಒಂದು ಕ್ಷಣ ತಡೆದು ಹಿಂದಕ್ಕೆ ಬೀಳುತ್ತದೆ; ನೀರು ಹಿಂದೆ ಬರದಂತೆ ತಡೆಯುವ ವಾಲ್ವ್ ಆದ ಎನ್‌ಆರ್‌ವಿಯ ಬಾಗಿಲು ಅಷ್ಟರೊಳಗೆ ಮುಚ್ಚದಿದ್ದರೆ, ಹಿಂದೆ ಬರುತ್ತಿರುವ ನೀರೇ ಅದನ್ನು ಬಡಿದು ಮುಚ್ಚುತ್ತದೆ. ಸೆಕೆಂಡಿಗೆ ಒಂದು ಮೀಟರ್ ವೇಗದ ನೀರು ಕಬ್ಬಿಣದ ಪೈಪಿನಲ್ಲಿ ತಟ್ಟನೆ ನಿಂತರೆ ಚದರ ಸೆಂಟಿಮೀಟರಿಗೆ ಸುಮಾರು 12 ಕಿಲೊ ಒತ್ತಡ ಹೆಚ್ಚುವರಿಯಾಗಿ ಬೀಳುತ್ತದೆ. ಪಿವಿಸಿ ಪೈಪು ಸ್ವಲ್ಪ ಹಿಗ್ಗುವುದರಿಂದ ಅದರಲ್ಲಿ ಈ ಪೆಟ್ಟು ಮೂರನೇ ಒಂದು ಭಾಗದಷ್ಟಿರುತ್ತದೆ. ಇಂದು ಸಂಜೆ ಪಂಪು ನಿಲ್ಲಿಸುವ ಮೊದಲು ನೀರು ಮೇಲೇರುವ ಡೆಲಿವರಿ ಪೈಪಿನ ಗೇಟ್ ವಾಲ್ವನ್ನು ನಿಧಾನವಾಗಿ ಪೂರ್ತಿ ಮುಚ್ಚಿ, ಆಮೇಲೆ ಸ್ವಿಚ್ ಆರಿಸಿ. ಸದ್ದು ಬರದಿದ್ದರೆ ನಾನು ಹೇಳಿದ್ದೇ ಕಾರಣ. ಸ್ಪ್ರಿಂಗ್ ಇರುವ ಎನ್‌ಆರ್‌ವಿ ಹಾಕಿಸಿ, ಆರಾರು ಅಡಿಗೆ ರಬ್ಬರ್ ಕೊಟ್ಟು ಕ್ಲಾಂಪ್ ಹೊಡೆಸಿ. ವಾಲ್ವ್ ಮುಚ್ಚಿಟ್ಟು ಪಂಪನ್ನು ಬಹಳ ಹೊತ್ತು ಓಡಿಸಬೇಡಿ, ಒಳಗಿನ ನೀರು ಕಾಯುತ್ತದೆ. ಹದಿನೈದು ದಿನಗಳ ಹಿಂದೆ ಏನನ್ನಾದರೂ ಬದಲಿಸಿದ್ದಿರಾ?

ಕೆಳಗಿನಮನೆ: ಮೇಲಿನಮನೆಯ ಅಣ್ಣ ತಮ್ಮ ಟ್ಯಾಂಕನ್ನು ಟೆರೇಸಿನ ಮೇಲೆ ಏರಿಸಿದ್ದಾರೆ.

ಮೇಸ್ತ್ರಿ: ಹಾಗಾದರೆ ಅದೇ. ಎತ್ತರ ಹೆಚ್ಚಿದಷ್ಟೂ ನೀರು ಬೇಗ ಹಿಂದಿರುಗುತ್ತದೆ. ಹಳೆಯ ಬಾಗಿಲಿಗೆ ಆ ಚುರುಕಿಲ್ಲ.

ಗದ್ದೆಮನೆ: ನಮ್ಮಲ್ಲಿಯೂ ಪೈಪು ನಡುಗುತ್ತದೆ. ಏನು ಮಾಡಬೇಕು?

ಮೇಸ್ತ್ರಿ: ಯಾವಾಗ ನಡುಗುತ್ತದೆ? ಚಾಲೂ ಮಾಡುವಾಗಲೋ, ಓಡುವಾಗಲೋ, ನಿಲ್ಲಿಸುವಾಗಲೋ?

ಮೇಲಿನಮನೆ: ಗುಂಪಿನಲ್ಲಿ ನಮ್ಮ ಟ್ಯಾಂಕಿನ ಹೆಸರೆತ್ತುವ ಅಗತ್ಯವಿರಲಿಲ್ಲ. ಎನ್‌ಆರ್‌ವಿ ಅಪ್ಪಯ್ಯನ ಕಾಲದ್ದು, ಅದು ಮೂರೂ ಮನೆಗೆ ಸೇರಿದ್ದು.

ಹಳೇತೋಟ: ಒಂದು ಉಪಯುಕ್ತ ಸಂದೇಶ ಬಂದಿದೆ, ಎಲ್ಲರಿಗೂ ಕಳುಹಿಸುತ್ತಿದ್ದೇನೆ: ‘ಪೈಪಿಗೆ ಸೈಕಲ್ ಟ್ಯೂಬ್ ಸುತ್ತಿ, ಎನ್‌ಆರ್‌ವಿಯ ಬಾಗಿಲು ತೆಗೆದು ಎಸೆಯಿರಿ, ನಡುಕ ಶಾಶ್ವತವಾಗಿ ನಿಲ್ಲುತ್ತದೆ.’

ಮೇಸ್ತ್ರಿ: ಟ್ಯೂಬ್ ಸುತ್ತಿದರೆ ಸದ್ದು ನಿಮ್ಮ ಕಿವಿಗೆ ಬೀಳುವುದಿಲ್ಲ, ಪೆಟ್ಟು ಜಾಯಿಂಟಿಗೆ ಬೀಳುತ್ತಲೇ ಇರುತ್ತದೆ. ಬಾಗಿಲು ತೆಗೆದರೆ ಆ ಪೆಟ್ಟನ್ನು ಬಾವಿಯೊಳಗೆ ಪೈಪಿನ ತುದಿಯಲ್ಲಿರುವ ಫುಟ್ ವಾಲ್ವ್ ತಿನ್ನಬೇಕು. ಅದೂ ಸೋತ ದಿನದಿಂದ ಪಂಪಿಗೆ ನೀರು ಹೊಯ್ದು ಪ್ರೈಮಿಂಗ್ ಮಾಡುತ್ತ ಕೂರಬೇಕು. ಇದನ್ನು ಬರೆದವರು ಪಂಪು ಬಿಚ್ಚಿದವರಲ್ಲ.

ಹೊಸಮನೆ: ನಮಸ್ಕಾರ ಮೇಸ್ತ್ರಿಗಳೇ. ನಮ್ಮದು ತೆರೆದ ಬಾವಿಯಲ್ಲ, ಎರಡು ಮನೆಗೆ ಸೇರಿದ ಬೋರು. ಒಳಗೆ ಜಿಐ ಪೈಪಿನಲ್ಲಿ ಸಬ್‌ಮರ್ಸಿಬಲ್ (ನೀರಿನೊಳಗೇ ಓಡುವ ಪಂಪು) ಇಳಿಸಿದ್ದಾರೆ. ಚಾಲೂ ಮಾಡುವಾಗ ಪೈಪು ಒಮ್ಮೆ ಜಗ್ಗಿದಂತೆ ಅಲುಗುತ್ತದೆ. ಈಗೀಗ ಪಂಪು ಓಡುವಾಗ ಬಚ್ಚಲಿನ ನಲ್ಲಿ ಮುಟ್ಟಿದರೆ ಬೆರಳಿಗೆ ಸಣ್ಣ ನಡುಕ, ಜುಮ್ಮೆಂದಂತೆ. ಕಾಲು ಒದ್ದೆಯಿದ್ದಾಗ ಹೆಚ್ಚು. ಅತ್ತೆಯವರು ಪೈಪಿನ ನಡುಕವೇ ಅದು ಎನ್ನುತ್ತಾರೆ. ಅವಸರವೇನಿಲ್ಲ, ಬಿಡುವಾದಾಗ ತಿಳಿಸಿ.

ಮೇಸ್ತ್ರಿ: ಅವಸರವಿದೆ, ತಾಯಿ. ಇದನ್ನು ಓದಿದ ತಕ್ಷಣ, ಒಣಗಿದ ಕೈಯಲ್ಲಿ, ಚಪ್ಪಲಿ ಹಾಕಿಕೊಂಡು, ಪಂಪಿನ ಮೇನ್ ಸ್ವಿಚ್ ಆರಿಸಿ; ಇನ್ನೊಂದು ಮನೆಯವರಿಗೂ ಈಗಲೇ ಫೋನು ಮಾಡಿ, ಯಾಕೆಂದರೆ ಕಬ್ಬಿಣದ ಪೈಪು ಎರಡೂ ಬಚ್ಚಲಿಗೆ ಒಂದೇ. ಪೈಪಿನ ನಡುಕಕ್ಕೆ ಕಾಲು ಒದ್ದೆಯೋ ಒಣಗಿದೆಯೋ ಎಂಬುದು ಗೊತ್ತಾಗುವುದಿಲ್ಲ, ಕರೆಂಟಿಗೆ ಗೊತ್ತಾಗುತ್ತದೆ. ನಿಮ್ಮ ನಲ್ಲಿಗೆ ಕರೆಂಟು ಬರುತ್ತಿದೆ ಎಂದೇ ತಿಳಿಯಿರಿ.

ನೀವು ಬರೆದ ಎರಡು ಸಂಗತಿಗಳೂ ಒಂದೇ ದಾರದಲ್ಲಿವೆ ಎಂದು ನನ್ನ ಅನುಮಾನ. ಸಬ್‌ಮರ್ಸಿಬಲ್ ಮೋಟಾರು ಚಾಲೂ ಆಗುವಾಗ ತಾನು ತಿರುಗುವ ದಿಕ್ಕಿನ ವಿರುದ್ಧಕ್ಕೆ ಇಡೀ ಪೈಪನ್ನು ಒಮ್ಮೆ ತಿರುಚುತ್ತದೆ. ಕೇಬಲನ್ನು ಹತ್ತತ್ತು ಅಡಿಗೊಮ್ಮೆ ಪೈಪಿಗೆ ಬಿಗಿಯಾಗಿ ಕಟ್ಟಿರದಿದ್ದರೆ, ಸಡಿಲವಾಗಿ ಜೋತುಬಿದ್ದ ಭಾಗವು ಬೋರಿನ ಹೊರಪೈಪಾದ ಕೇಸಿಂಗಿನ ಅಂಚಿಗೋ ಬಂಡೆಗೋ ಪ್ರತಿ ಸಲವೂ ಉಜ್ಜುತ್ತದೆ. ದಿನಕ್ಕೆ ನಾಲ್ಕು ಸಲವೆಂದರೂ ವರ್ಷಕ್ಕೆ ಸಾವಿರದ ನಾನೂರಕ್ಕೂ ಹೆಚ್ಚು ಉಜ್ಜು. ಹೀಗೆ ಇನ್ಸುಲೇಷನ್ ಸವೆದ ಕೇಬಲ್‌ಗಳನ್ನು ನಾನೇ ಎಷ್ಟೋ ಎತ್ತಿದ್ದೇನೆ. ‘ಎಂಸಿಬಿ ಬಿದ್ದಿಲ್ಲವಲ್ಲ’ ಎಂದು ಸಮಾಧಾನಪಡಬೇಡಿ. ಎಂಸಿಬಿ ಎಂದರೆ ಕರೆಂಟು ಮಿತಿ ಮೀರಿದರೆ ತಾನೇ ಆರುವ ಸ್ವಿಚ್; 16 ಆಂಪಿಯರಿನದು ಬೀಳುವುದು ಅದನ್ನು ಮೀರಿದ ಕರೆಂಟಿಗೆ. ಮನುಷ್ಯನ ಜೀವಕ್ಕೆ ಒಂದು ಆಂಪಿಯರಿನ ಹತ್ತನೇ ಒಂದು ಭಾಗವೂ ಬೇಕಿಲ್ಲ. ಅದಕ್ಕೆಂದೇ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಎಂದರೆ ಕರೆಂಟು ಸೋರಿದರೆ ತಾನೇ ಆರುವ ಸ್ವಿಚ್, ಇರುವುದು. ನಿಮ್ಮಲ್ಲಿ ಅದಿಲ್ಲ, ಅಥವಾ ಕೆಟ್ಟಿದೆ. ಎಲೆಕ್ಟ್ರಿಷಿಯನ್ ಬಂದು ಇನ್ಸುಲೇಷನ್ ಅಳೆಯುವ 500 ವೋಲ್ಟಿನ ಮೆಗ್ಗರ್ ಹಿಡಿದು ನೋಡಲಿ. ಒಂದು ಮೆಗಾಓಮಿಗಿಂತ ಕಡಿಮೆ ತೋರಿಸಿದರೆ ಪಂಪು ಎತ್ತಲೇಬೇಕು. ಬಚ್ಚಲಿನಲ್ಲಿ ಗೀಸರ್ ಇದ್ದರೆ ಅದನ್ನೂ ಬಿಡದೆ ನೋಡಲಿ. ಅಲ್ಲಿಯವರೆಗೆ ನೀರನ್ನು ಹೊರಗಿನಿಂದ ಹೊತ್ತು ತನ್ನಿ. ಮೇನ್ ಆರಿಸಿದ ಮೇಲೆ ಇಲ್ಲಿ ಒಂದು ಸಾಲು ಬರೆಯಿರಿ.

ಹಳೇತೋಟ: ಇದಕ್ಕೂ ಪರಿಹಾರ ಓದಿದ್ದೇನೆ. ಅರ್ಥ್ ವೈರನ್ನು ನೀರಿನ ಪೈಪಿಗೆ ಕಟ್ಟಿದರೆ ಶಾಕ್ ನೆಲಕ್ಕೆ ಇಳಿದುಹೋಗುತ್ತದೆಯಂತೆ.

ಮೇಸ್ತ್ರಿ: ದಯವಿಟ್ಟು ಆ ಸಂದೇಶವನ್ನು ಅಳಿಸಿ. ನೀರಿನ ಪೈಪು ಅರ್ಥ್ ಅಲ್ಲ. ನಡುವೆ ಒಂದು ತುಂಡು ಪಿವಿಸಿ ಹಾಕಿದ್ದರೆ ಕರೆಂಟು ನೆಲಕ್ಕೆ ಇಳಿಯುವುದಿಲ್ಲ, ಇನ್ನಾವುದೋ ಉಪಕರಣದಿಂದ ಸೋರಿದ ಕರೆಂಟೂ ಸೇರಿ ನಲ್ಲಿಯವರೆಗೆ ಬಂದು ನಿಲ್ಲುತ್ತದೆ. ಯಾರದೋ ಮನೆಯ ಬಚ್ಚಲಿನಲ್ಲಿ ಪ್ರಯೋಗ ಮಾಡಬೇಡಿ.

ಹಳೇತೋಟ: ನಾಲ್ಕು ಜನರಿಗೆ ಒಳ್ಳೆಯದಾಗಲಿ ಎಂದು ಹಾಕಿದ್ದು. ಇಷ್ಟು ಸಿಟ್ಟೇಕೆ?

ಹೊಸಮನೆ: ಮೇನ್ ಆರಿಸಿದೆವು. ಆಚೆಮನೆಗೂ ಹೇಳಿದೆವು. ಎಲೆಕ್ಟ್ರಿಷಿಯನ್ ನಾಳೆ ಬೆಳಿಗ್ಗೆ ಬರುತ್ತಾರೆ.

ಕಟ್ಟೆಮನೆ: ಏಪ್ರಿಲ್ ಬಂತೆಂದರೆ ನಮ್ಮ ಪಂಪು ಜಲ್ಲಿಕಲ್ಲು ತುಂಬಿದ ಡಬ್ಬಿಯಂತೆ ಸದ್ದು ಮಾಡುತ್ತದೆ. ಮಳೆಗಾಲದಲ್ಲಿ ಸದ್ದಿಲ್ಲ.

ಮೇಸ್ತ್ರಿ: ನೀರು ಪಂಪಿನಿಂದ 22 ಅಡಿಗಿಂತ ಕೆಳಗೆ ಹೋಗಿರಬೇಕು, ಅಳೆದು ನೋಡಿ. ಮೇಲೆ ಕುಳಿತ ಪಂಪು ಅದಕ್ಕಿಂತ ಹೆಚ್ಚು ಎಳೆಯಲಾರದು. ಪಂಪನ್ನು ಬಾವಿಯೊಳಗಿನ ಕಟ್ಟೆಗೆ ಇಳಿಸಿ, ಇಲ್ಲವೇ ಸಬ್‌ಮರ್ಸಿಬಲ್ ಹಾಕಿ.

ಕೆಳಗಿನಮನೆ: ವಾಲ್ವ್ ಮುಚ್ಚಿ ನಿಲ್ಲಿಸಿದೆವು, ಸದ್ದೇ ಇಲ್ಲ. ಮೇಲಿನಮನೆಯವರು ಎನ್‌ಆರ್‌ವಿಯ ಖರ್ಚು ಕೊಡುವುದು ನ್ಯಾಯ.

ಮೇಲಿನಮನೆ: ಎರಡು ಸಾಲಿನ ಹಿಂದೆ ಅಣ್ಣನಾಗಿದ್ದವನು ಈಗ ‘ಮೇಲಿನಮನೆಯವರು’ ಆದೆನೋ? ಹೋದ ವರ್ಷ ನಿನ್ನ ತೋಟದ ಸ್ಪ್ರಿಂಕ್ಲರಿಗೆ ಇದೇ ಲೈನಿನಿಂದ ಟೀ (ಕವಲು ಜಾಯಿಂಟು) ಹೊಡೆಸಿದಾಗ ಯಾರನ್ನು ಕೇಳಿದ್ದೆ? ಕರೆಂಟು ಬಿಲ್ಲನ್ನು ಮೂರು ಪಾಲು ಮಾಡುವಾಗ ಅದನ್ನು ಲೆಕ್ಕ ಹಿಡಿದಿದ್ದೀಯಾ?

ಕೆಳಗಿನಮನೆ: ಆ ಟೀ ಮುಚ್ಚಿ ಆರು ತಿಂಗಳಾಯಿತು. ನೀವು ಬಂದು ನೋಡಿದ್ದರೆ ತಿಳಿಯುತ್ತಿತ್ತು.

ನಿರ್ವಾಹಕರು: ಹಿಸೆಯ ಮಾತನ್ನು ಮನೆಯ ಜಗಲಿಯಲ್ಲಿ ಆಡಿಕೊಳ್ಳಿ.

ತೆಂಕುಮನೆ: ಸೋಲಾರ್ ಪಂಪಿಗೂ ಇದೇ ತೊಂದರೆ ಇದೆಯೇ? ಬೆಳಿಗ್ಗೆಯೇ ಕೇಳಿದ್ದೆ.

ಗದ್ದೆಮನೆ: ನನ್ನ ಪ್ರಶ್ನೆಗೂ ಉತ್ತರ ಬಂದಿಲ್ಲ. ಪೈಪು ನಡುಗುತ್ತದೆ, ಏನು ಮಾಡಬೇಕು?

ಮೇಸ್ತ್ರಿ: ಉತ್ತರ ಬಾಕಿ ಇರುವುದು ನಿಮ್ಮ ಕಡೆಯಿಂದ. ಯಾವಾಗ?

ಹೊಸಮನೆ (ಮರುದಿನ): ಮೆಗ್ಗರಿನ ಮುಳ್ಳು ಸೊನ್ನೆಯ ಹತ್ತಿರವೇ ನಿಂತಿತು. ಮಧ್ಯಾಹ್ನ ಪಂಪು ಎತ್ತಿಸಿದೆವು. ಮೂರನೆಯ ಪೈಪಿನ ಜಾಯಿಂಟಿನ ಬಳಿ ಕೇಬಲ್ ಒಂದು ಗೇಣು ಸವೆದು, ಒಳಗಿನ ತಾಮ್ರ ಹಸಿರುಗಟ್ಟಿ ಕಾಣುತ್ತಿತ್ತು. ಇಡೀ ಕೇಬಲನ್ನು ಕಟ್ಟಿದ್ದು ಎರಡೇ ಕಡೆ, ಅದೂ ಗೊಬ್ಬರಚೀಲದ ದಾರದಲ್ಲಿ.

ಮೇಸ್ತ್ರಿ: ಸವೆದ ಕಡೆ ಟೇಪು ಸುತ್ತಿ ಇಳಿಸಲು ಬಿಡಬೇಡಿ. ಕೇಬಲ್ ಹೊಸದು ಹಾಕಿಸಿ, ಆರ್‌ಸಿಸಿಬಿ ಕೂಡಿಸಿ, ಅದರ ಟೆಸ್ಟ್ ಗುಂಡಿಯನ್ನು ನೀವೇ ಒತ್ತಿ ಅದು ಬೀಳುವುದನ್ನು ಕಣ್ಣಾರೆ ನೋಡಿದ ಮೇಲೆಯೇ ನೀರು ಬಿಡಿ. ಹಳೆಯ ಕೇಬಲನ್ನು ಎಸೆಯದೆ ಅತ್ತೆಯವರಿಗೆ ಒಮ್ಮೆ ತೋರಿಸಿ.

ಗದ್ದೆಮನೆ: ಯಾವಾಗಲೂ ನಡುಗುತ್ತದೆ.

ಮೇಸ್ತ್ರಿ: ಪಂಪು ನಿಂತಿರುವಾಗಲೂ?